ರೆಪ್ಪೆಯ ಗಂಟಿಗೆ ಇಂಜೆಕ್ಷನ್: ನನ್ನ ಅನುಭವ

ರೆಪ್ಪೆಯೊಳಗಿನ ಜಿಡ್ಡಿನ ಗ್ರಂಥಿಯ ಬಾಯಿ ಕಟ್ಟಿಕೊಂಡು, ಒಳಗೇ ಉಳಿದ ಜಿಡ್ಡಿನ ಸುತ್ತ ಉರಿಯೂತವಾಗಿ ಏಳುವ ನೋವಿಲ್ಲದ ಗಂಟನ್ನು ಕಲೇಜಿಯನ್ ಎನ್ನುತ್ತೇವೆ. ಕೆಲವು ವಾರ ಬಿಸಿ ಬಟ್ಟೆಯ ಶಾಖ ಕೊಟ್ಟು ಮೃದುವಾಗಿ ನೀವಿದರೆ ಎಷ್ಟೋ ಗಂಟುಗಳು ಕರಗಿಬಿಡುತ್ತವೆ. ಕರಗದಿದ್ದರೆ ಕೊಯ್ದು ಕೆರೆದು ತೆಗೆಯುವುದು ರೂಢಿ. ಆದರೆ ಗಂಟು ಮೂಗಿನ ಬದಿಯಲ್ಲಿ, ಕಣ್ಣೀರಿನ ನಾಳಕ್ಕೆ ಅಂಟಿಕೊಂಡಂತಿದ್ದರೆ ಅಲ್ಲಿ ಬ್ಲೇಡು ಆಡಿಸಲು ನನಗೆ ಮನಸ್ಸಾಗುವುದಿಲ್ಲ. ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡನ್ನು ಗಂಟಿನೊಳಕ್ಕೇ ಕೊಡುತ್ತೇನೆ.

ವೃತ್ತಿಯ ಆರಂಭದಲ್ಲಿ, ಎಣ್ಣೆಗಪ್ಪು ಬಣ್ಣದ ಹುಡುಗಿಯೊಬ್ಬಳಿಗೆ ಇದನ್ನು ಹೊರಗಿನ ಚರ್ಮದ ಮೂಲಕ ಕೊಟ್ಟಿದ್ದೆ. ಗಂಟೇನೋ ಕರಗಿತು, ಆದರೆ ಎರಡು ತಿಂಗಳಲ್ಲಿ ಆ ಜಾಗ ಹುಣಸೆ ಬೀಜದಷ್ಟಗಲ ಬೆಳ್ಳಗಾಯಿತು. "ತೊನ್ನಲ್ಲ ತಾನೇ ಡಾಕ್ಟ್ರೇ? ಊರಲ್ಲಿ ಎಲ್ಲರೂ ಕೇಳ್ತಾರೆ" ಎಂದು ಅವಳ ತಾಯಿ ಕಣ್ಣು ತುಂಬಿಕೊಂಡರು. ಮದ್ದಿನಿಂದ ಚರ್ಮದ ಬಣ್ಣ ಕುಗ್ಗಿದೆಯೇ ಹೊರತು ಅದು ತೊನ್ನಲ್ಲವೆಂದು ವಿವರಿಸಿದೆ. ತಿಂಗಳುಗಳ ಮೇಲೆ ಬಣ್ಣ ಮರಳಿತು. ಆದರೂ ಮೊದಲೇ ಎಚ್ಚರಿಸದಿದ್ದುದು ನನ್ನ ತಪ್ಪು. ಅಂದಿನಿಂದ ರೆಪ್ಪೆಯನ್ನು ಮಗುಚಿ ಒಳಮೈಯಿಂದಲೇ ಕೊಡುತ್ತೇನೆ, ಕಲೆಯ ಸಾಧ್ಯತೆಯನ್ನೂ ತಿಳಿಸಿಯೇ ಸೂಜಿ ಹಿಡಿಯುತ್ತೇನೆ.

ಮರಗಟ್ಟಿಸುವ ಹನಿ ಹಾಕಿ ರೆಪ್ಪೆಯನ್ನು ಕ್ಲ್ಯಾಂಪಿನಲ್ಲಿ ಹಿಡಿದ ಮೇಲೆ, ಮಿಲಿಲೀಟರಿಗೆ 40 ಮಿಲಿಗ್ರಾಂ ಇರುವ ಮದ್ದಿನಲ್ಲಿ 0.1ರಿಂದ 0.2 ಮಿಲಿಲೀಟರ್ ಸಾಕು. ಬಿಳಿಯ ಕಣಗಳು ತಳದಲ್ಲಿ ಕೂತಿರುವುದರಿಂದ ಸೀಸೆಯನ್ನು ಚೆನ್ನಾಗಿ ಕುಲುಕಬೇಕು. ತೀರಾ ಸಣ್ಣ ಸೂಜಿಯಲ್ಲಿ ಆ ಕಣಗಳು ಸಿಕ್ಕಿಕೊಳ್ಳುತ್ತವೆ. ಆಗ ಹೆಬ್ಬೆರಳು ಒತ್ತಿದರೆ ಮದ್ದು ಒಮ್ಮೆಲೇ ಚಿಮ್ಮುತ್ತದೆ. ಆದ್ದರಿಂದ ನಾನು 26 ಗೇಜಿನ ಸೂಜಿಯನ್ನು ಕಣ್ಣುಗುಡ್ಡೆಗೆ ಎದುರಾಗಿಸದೆ ಅಡ್ಡಲಾಗಿ ತೂರಿಸಿ, ರಕ್ತ ಬರುವುದೇ ಎಂದು ಹಿಂದೆಳೆದು ನೋಡಿ, ನಿಧಾನವಾಗಿ ಬಿಡುತ್ತೇನೆ. ಮದ್ದು ರಕ್ತನಾಳ ಹೊಕ್ಕು ಹಿಮ್ಮುಖವಾಗಿ ಹರಿದರೆ ಅಕ್ಷಿಪಟಲದ ರಕ್ತನಾಳ ಕಟ್ಟಿ ದೃಷ್ಟಿಯೇ ಹೋಗಬಹುದು; ಇದು ತೀರಾ ಅಪರೂಪ, ಆದರೆ ಪ್ರತಿ ಸಲವೂ ನನ್ನ ಕೈಯನ್ನು ತಡೆದು ನಿಲ್ಲಿಸುವ ಭಯ ಅದೇ.

ಮೂರು ವಾರದ ಬಳಿಕ ಗಂಟನ್ನೂ ಕಣ್ಣಿನ ಒತ್ತಡವನ್ನೂ ನೋಡಿ, ಬೇಕಿದ್ದರೆ ಇನ್ನೊಂದು ಸಲ ಕೊಡುತ್ತೇನೆ. ಆದರೆ ವಯಸ್ಸಾದವರಲ್ಲಿ ಗಂಟು ಅದೇ ಜಾಗದಲ್ಲಿ ಮರುಕಳಿಸಿದರೆ, ಅಲ್ಲಿನ ರೆಪ್ಪೆಗೂದಲು ಉದುರಿದ್ದರೆ, ಸಿರಿಂಜನ್ನು ಮುಟ್ಟುವುದಿಲ್ಲ. ಅದೇ ಗ್ರಂಥಿಯ ಕ್ಯಾನ್ಸರ್ ಕಲೇಜಿಯನ್ನಿನ ವೇಷದಲ್ಲೇ ಬರುತ್ತದೆ. ಅಂಥವರಿಗೆ ಮೊದಲು ಬೇಕಾದದ್ದು ಬಯಾಪ್ಸಿ.