ಕ್ಯೂಆರ್ ಕೀಳಬೇಡಿ, ಕಿರ್ದಿ ತೆಗೆಯಿರಿ: ಸಣ್ಣ ಅಂಗಡಿಯವರಿಗೆ ಯುಪಿಐ ಲೆಕ್ಕ

2025ರ ಜುಲೈನಲ್ಲಿ ನಮ್ಮ ಕಾಕಾ ಬಿಸ್ಕಿಟ್ ಬಾಕ್ಸಿನ ರಟ್ಟು ಹರಿದು, ಸ್ಕೆಚ್ ಪೆನ್ನಿನಲ್ಲಿ 'ಫೋನ್ ಪೇ ಇಲ್ಲ, ರೊಕ್ಕಾ ಅಷ್ಟ' ಅಂತ ಬರೆದು ಅಂಗಡಿ ಮುಂದೆ ನೇತು ಹಾಕಿದರು. ಹಳೇ ಹುಬ್ಬಳ್ಳಿಯಲ್ಲಿ ಅವರದು ಕಿರಾಣಿ ಅಂಗಡಿ. ಕ್ಯೂಆರ್ ಸ್ಟಿಕರನ್ನು ಉಗುರಿನಿಂದ ಕೆರೆದಿದ್ದರು, ಅರ್ಧ ಗಾಜಿಗೇ ಅಂಟಿಕೊಂಡಿತ್ತು. ಸೌಂಡ್ ಬಾಕ್ಸ್ ಬೆಲ್ಲದ ಡಬ್ಬಿ ಹಿಂದೆ ಸೇರಿತ್ತು.

ಅವರಿಗೆ ನೋಟಿಸ್ ಬಂದಿರಲಿಲ್ಲ. ಸುದ್ದಿ ಬಂದಿತ್ತು, ಅಷ್ಟೇ.

ಆ ಸುದ್ದಿ ನಿಮಗೂ ನೆನಪಿರಬೇಕು. ವಾಣಿಜ್ಯ ತೆರಿಗೆ ಇಲಾಖೆ ಪೇಮೆಂಟ್ ಆ್ಯಪ್‌ಗಳಿಂದ 2021-22ರಿಂದ ಮುಂದಿನ ನಾಲ್ಕು ವರ್ಷದ ಯುಪಿಐ ಲೆಕ್ಕ ತರಿಸಿಕೊಂಡು, ಜಾಸ್ತಿ ಹಣ ಬಂದಿದ್ದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ 29 ಲಕ್ಷ ರೂಪಾಯಿ ತೆರಿಗೆ ಕಟ್ಟಿ ಅಂತ ನೋಟಿಸ್ ಬಂತು. ತರಕಾರಿಗೆ ಜಿಎಸ್‌ಟಿಯೇ ಇಲ್ಲ, ಆದರೂ ಬಂತು. ಯಾಕೆಂದರೆ ಕಂಪ್ಯೂಟರಿಗೆ ಕಾಣುವುದು ಬಂದ ಹಣ ಮಾತ್ರ, ಬದನೆಕಾಯಿ ಕಾಣಲ್ಲ. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್‌ಗೆ ಕರೆ ಕೊಟ್ಟರು. ಅದಕ್ಕೂ ಎರಡು ದಿನ ಮೊದಲೇ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಾಲು, ತರಕಾರಿ, ಹಣ್ಣು, ಮಾಂಸ ಮಾರುವವರಿಗೆ ಹೋದ ನೋಟಿಸ್ ವಾಪಸ್ ಪಡೆಯುತ್ತೇವೆ, ಜಿಎಸ್‌ಟಿ ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳಲ್ಲ ಅಂದರು. ಗಲಾಟೆ ತಣ್ಣಗಾಯಿತು. ಆದರೆ ಯುಪಿಐ ಲೆಕ್ಕ ಇಲಾಖೆಗೆ ಸಿಗುತ್ತದೆ ಅನ್ನೋದು ಹಾಗೇ ಇದೆ, ಇನ್ನು ಮುಂದೆಯೂ ಇರುತ್ತದೆ. ಹಾಗಾಗಿ ಈ ಬರಹ.

ರಟ್ಟಿನ ಬೋರ್ಡಿನಿಂದ ಏನೂ ಉಪಯೋಗವಿಲ್ಲ. ಜಿಎಸ್‌ಟಿ ಮಿತಿ, ಅಂದರೆ ಎಷ್ಟು ದಾಟಿದರೆ ನೋಂದಣಿ ಮಾಡಿಸಬೇಕು ಅನ್ನೋದನ್ನು, ಲೆಕ್ಕ ಹಾಕುವುದು ಒಟ್ಟು ಮಾರಾಟದ ಮೇಲೆ. ಗಿರಾಕಿ ನೋಟು ಕೊಟ್ಟರೂ ಅಷ್ಟೇ, ಫೋನಿನಲ್ಲಿ ಹಾಕಿದರೂ ಅಷ್ಟೇ. ಬೋರ್ಡ್ ಹಾಕಿದ ಎರಡೇ ವಾರಕ್ಕೆ ಕಾಲೇಜು ಹುಡುಗರೆಲ್ಲ ಎದುರಿನ ಅಂಗಡಿಗೆ ಹೋದರು, ಕಾಕಾ ಚಿಲ್ಲರೆಗೆ ಪರದಾಡಿದರು. ಅದೊಂದೇ ಆದ ಲಾಭ.

ಮೊದಲು ನಿಮ್ಮ ಮಿತಿ ಯಾವುದು ಅಂತ ತಿಳಿದುಕೊಳ್ಳಿ. ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ. ಸೇವೆ ಕೊಡುವವರಿಗೆ 20 ಲಕ್ಷ. ಖಾನಾವಳಿ, ಚಹಾದಂಗಡಿ, ಗಿರ್ಮಿಟ್-ಮಿರ್ಚಿ ಕೊಟ್ಟು ಕೂರಿಸಿ ತಿನ್ನಿಸುವ ಹೋಟೆಲ್, ಕಟಿಂಗ್ ಶಾಪ್, ಮೊಬೈಲ್ ರಿಪೇರಿ ಎಲ್ಲವೂ ಸೇವೆಯೇ. ವರ್ಷದ ಲೆಕ್ಕ ತಲೆಗೆ ಹತ್ತಲ್ಲ, ದಿನದ ಲೆಕ್ಕ ಹಾಕಿ: 40 ಲಕ್ಷ ಅಂದರೆ ದಿನಕ್ಕೆ ಸುಮಾರು 10,950 ರೂಪಾಯಿ, 20 ಲಕ್ಷ ಅಂದರೆ ಸುಮಾರು 5,480. ಇದು ಮಾರಾಟ, ಲಾಭ ಅಲ್ಲ. ದಿನಕ್ಕೆ ಐದೂವರೆ ಸಾವಿರದ ಚಹಾ-ಬಜಿ ಮಾರುವ ಗಾಡಿ ಕಷ್ಟಪಟ್ಟು ಹುಡುಕಬೇಕಾ? ಬಸ್ ಸ್ಟ್ಯಾಂಡ್ ಹತ್ತಿರ ಹೋಗಿ ನಿಂತರೆ ಸಾಕು.

ಇಲ್ಲೇ ಕಿರಾಣಿಯವರು ಎಡವುವ ಒಂದು ಜಾಗ ಇದೆ. ಬೀಡಿ, ಸಿಗರೇಟ್, ತಂಬಾಕು, ಗುಟ್ಕಾ ಅಥವಾ ಐಸ್‌ಕ್ರೀಮ್ ಮಾರಿದರೆ ಆ 40 ಲಕ್ಷದ ರಿಯಾಯಿತಿ ಸಿಗಲ್ಲ. ಮಿತಿ ಸೀದಾ 20 ಲಕ್ಷಕ್ಕೆ ಇಳಿಯುತ್ತದೆ. ಮೂಲೆಯಲ್ಲಿ ನಾಲ್ಕು ಕಟ್ಟು ಬೀಡಿ ಇಟ್ಟವರಿಗೂ ಇದೇ. ಇದನ್ನು ಹೇಳಿದಾಗ ಕಾಕಾ ನನ್ನ ಮುಖ ನೋಡಿ, 'ಬೀಡಿ ಕಟ್ಟಿಗೆ ಎರಡ ರೂಪಾಯಿನೂ ಉಳಿಯಂಗಿಲ್ಲೋ ತಮ್ಮಾ' ಅಂದರು. ಅವರ ಮಾತೂ ಖರೆ, ನಿಯಮವೂ ಖರೆ.

ಬರೀ ತರಕಾರಿ, ಹಣ್ಣು, ಹೂವು, ಹಾಲು, ಮೊಟ್ಟೆ ಹೀಗೆ ತೆರಿಗೆ ಇಲ್ಲದ್ದನ್ನೇ ಮಾರುವವರು ಎಷ್ಟೇ ಮಾರಿದರೂ ನೋಂದಣಿ ಬೇಕಿಲ್ಲ. 'ಬರೀ' ಅನ್ನೋದು ಮುಖ್ಯ. ಪಕ್ಕದಲ್ಲಿ ಚಿಪ್ಸ್ ಪ್ಯಾಕೆಟ್ ತೂಗು ಹಾಕಿದರೆ ಲೆಕ್ಕ ಬದಲಾಗುತ್ತದೆ. ಆಗ ಮಿತಿ ನೋಡುವಾಗ ತರಕಾರಿ ಮಾರಾಟವನ್ನೂ ಕೂಡಿಸಬೇಕು.

ಈಗ ಯುಪಿಐ ಲೆಕ್ಕಕ್ಕೆ ಬರೋಣ. ಇದಕ್ಕೆ ಒಂದು ಸಂಜೆ ಪೂರ್ತಿ ಬೇಕು. ಆ್ಯಪ್‌ನಲ್ಲಿ ಹಿಸ್ಟರಿಗೆ ಹೋಗಿ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ, ಇಲ್ಲವಾದರೆ ಬ್ಯಾಂಕಿನಿಂದ ತನ್ನಿ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಎರಡು ಬಣ್ಣದ ಪೆನ್ ಹಿಡಿದು ಕೂತುಕೊಳ್ಳಿ. ಮಾರಾಟದ ಹಣಕ್ಕೆ ಹಸಿರು, ಉಳಿದದ್ದಕ್ಕೆ ಕೆಂಪು.

ನಾನು ಮತ್ತು ಕಾಕಾ ಹಾಗೇ ಕೂತೆವು. ಒಂದು ದಿನದ ಲೆಕ್ಕ ಹೇಳುತ್ತೇನೆ. ಬಂದದ್ದು 14,380 ರೂಪಾಯಿ. ಅದರಲ್ಲಿ 3,000 ಬೆಂಗಳೂರಿನ ಅಳಿಯ ಅತ್ತೆಯ ಔಷಧಿಗೆ ಕಳಿಸಿದ್ದು. 1,500 ಭಿಶಿ, ಅಂದರೆ ಚೀಟಿ ದುಡ್ಡು. ಇನ್ನೊಂದು 2,000 ಪಕ್ಕದ ಮನೆಯವರು 'ಕಾಕಾ, ನಿಮಗ ಫೋನ್ ಪೇ ಮಾಡ್ತೀನಿ, ಕೈಯಾಗ ರೊಕ್ಕಾ ಕೊಡ್ರಿ' ಅಂತ ಎಟಿಎಂ ಥರ ಬಳಸಿಕೊಂಡದ್ದು. ಇವನ್ನು ಬಿಟ್ಟರೆ ಮಾರಾಟ 7,880 ಮಾತ್ರ. ದಿನವೂ ಹೀಗೇ ಅಂತಿಟ್ಟುಕೊಳ್ಳಿ: ಕಂಪ್ಯೂಟರ್ ಲೆಕ್ಕದಲ್ಲಿ ವರ್ಷಕ್ಕೆ 52 ಲಕ್ಷ ದಾಟಿತು, ನಿಜವಾದ ಯುಪಿಐ ಮಾರಾಟ 29 ಲಕ್ಷಕ್ಕಿಂತ ಕಡಿಮೆ. ಸಾಲ, ಮನೆಯವರು ಕಳಿಸಿದ ಹಣ, ಮನೆಯ ಗಾಡಿ ಮಾರಿದ ಹಣ, ಇವು ವ್ಯಾಪಾರ ಅಲ್ಲ. ಆದರೆ ಅಲ್ಲ ಅಂತ ತೋರಿಸಬೇಕಾದವರು ನೀವು. ಹಾಗಾಗಿ ಕೆಂಪು ಗೆರೆ ಎಳೆದ ಪ್ರತಿಯೊಂದರ ಪಕ್ಕ ಯಾರು, ಯಾಕೆ ಅಂತ ಒಂದು ಸಾಲು ಬರೆಯಿರಿ. ದೊಡ್ಡ ಮೊತ್ತ ಇದ್ದರೆ ಕಾಗದವನ್ನೂ ಇಟ್ಟುಕೊಳ್ಳಿ. ನಾಲ್ಕು ವರ್ಷ ಕಳೆದ ಮೇಲೆ ನೆನಪಾಗಲ್ಲ ರೀ, ನಾಲ್ಕು ತಿಂಗಳಿಂದು ನೆನಪು ಮಾಡಿಕೊಳ್ಳುವುದರಲ್ಲೇ ಕಾಕಾನಿಗೂ ಕಾಕುಗೂ ಜಗಳ ಹತ್ತಿತ್ತು.

ಖುಷಿಪಟ್ಟು ಅಲ್ಲಿಗೇ ನಿಲ್ಲಿಸಬೇಡಿ. ನಗದು ಮಾರಾಟವನ್ನೂ ಕೂಡಿಸಬೇಕು. ಕಾಕಾನದು ದಿನಕ್ಕೆ ಸುಮಾರು 2,500 ಇತ್ತು. ಎರಡೂ ಸೇರಿ ವರ್ಷಕ್ಕೆ 38 ಲಕ್ಷದ ಹತ್ತಿರ. ಬೀಡಿ ಮಾರುವುದರಿಂದ ಅವರ ಮಿತಿ 20. ಅಂದರೆ ನೋಂದಣಿ ಮಾಡಿಸಲೇಬೇಕಿತ್ತು, ಯುಪಿಐ ಇರಲಿ ಬಿಡಲಿ.

ಇನ್ನು ಮುಂದೆ ಈ ಕೆಂಪು-ಹಸಿರು ಕಷ್ಟ ಬೇಡ ಅಂದರೆ ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ಮಾಡಿಸಿ, ಕ್ಯೂಆರ್ ಆ ಖಾತೆಗೆ ಮಾತ್ರ ಜೋಡಿಸಿ. ಕರೆಂಟ್ ಅಕೌಂಟ್ ಆದರೆ ಕನಿಷ್ಠ ಎಷ್ಟು ಹಣ ಇಟ್ಟಿರಬೇಕು ಅಂತ ಮೊದಲೇ ಕೇಳಿ. ಅಳಿಯ, ಭಿಶಿ, ಬಾಡಿಗೆ ಎಲ್ಲ ಮನೆಯ ಖಾತೆಗೆ. ಪಕ್ಕದ ಮನೆಯವರಿಗೆ ನಗದು ಕೊಡುವುದನ್ನು ನಿಲ್ಲಿಸಿ, ಮುಖ ಕೆಡಿಸಿಕೊಂಡರೂ ಪರವಾಗಿಲ್ಲ.

ಆಮೇಲೆ ಕಿರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ. ನಮ್ಮ ಕಡೆ ದೀಪಾವಳಿಗೆ ಎಲ್ಲ ಅಂಗಡಿಯವರೂ ಹೊಸ ಕಿರ್ದಿ ತಂದು, ಅರಿಷಿಣ-ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ 'ಶ್ರೀ' ಬರೆದು ಪೂಜೆ ಮಾಡುತ್ತಾರೆ. ಕಾಕಾನ ಕಿರ್ದಿಯಲ್ಲಿ ಆ 'ಶ್ರೀ' ಬಿಟ್ಟು ಬೇರೇನೂ ಇರಲಿಲ್ಲ. ಅಂಥದ್ದೇ ಪುಸ್ತಕ ಸಾಕು, ಕಂಪ್ಯೂಟರ್ ಬೇಡ. ಬಾಗಿಲು ಹಾಕುವ ಮುಂಚೆ ದಿನಕ್ಕೊಂದು ಸಾಲು: ತಾರೀಖು, ನಗದು ಮಾರಾಟ, ಯುಪಿಐ ಮಾರಾಟ, ಉದ್ರಿ ಕೊಟ್ಟದ್ದು, ಉದ್ರಿ ಬಂದದ್ದು. ಉದ್ರಿಗೆ ಎರಡು ಕಾಲಂ ಯಾಕೆ ಅಂದರೆ, ಮಾರಾಟ ಆಗುವುದು ಸಾಮಾನು ಕೊಟ್ಟ ದಿನ. ತಿಂಗಳ ಒಂದಕ್ಕೆ ಮಾಸ್ತರು ಒಮ್ಮೆಲೇ 6,000 ಹಾಕಿದರೆ ಅದು ಹಿಂದಿನ ತಿಂಗಳ ಉದ್ರಿ, ಅದನ್ನು ಮತ್ತೆ ಮಾರಾಟಕ್ಕೆ ಬರೆದರೆ ಎರಡು ಸಲ ಲೆಕ್ಕವಾಗುತ್ತದೆ. ತೆರಿಗೆ ಇಲ್ಲದ ಸಾಮಾನು, ಅಂದರೆ ಬಿಡಿ ಜೋಳ, ಬಿಡಿ ಅಕ್ಕಿ, ಹಾಲು ಇವನ್ನು ಬೇರೆ ಬರೆದರೆ ಇನ್ನೂ ಒಳ್ಳೆಯದು. ಹೋಲ್‌ಸೇಲ್ ಬಿಲ್ಲುಗಳನ್ನು ತಂತಿಗೆ ಚುಚ್ಚಿಡಿ. ವರ್ಷ ಮುಗಿಯುವುದು ದೀಪಾವಳಿಗಲ್ಲ, ಮಾರ್ಚ್ 31ಕ್ಕೆ.

ಮಿತಿ ದಾಟಿದರೆ 30 ದಿನದೊಳಗೆ ನೋಂದಣಿ ಮಾಡಿಸಬೇಕು. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಣಿಗೆ ಶುಲ್ಕ ಇಲ್ಲ. ಪ್ಯಾನ್, ಆಧಾರ್, ಫೋಟೋ, ಬಾಡಿಗೆ ಕರಾರು, ಕರೆಂಟ್ ಬಿಲ್ ಬೇಕು. ಕಾಕಾನ ಹತ್ತಿರ ಒಬ್ಬ ಏಜೆಂಟ್ 'ಸರ್ಕಾರಿ ಫೀ' ಅಂತ 5,000 ಕೇಳಿದ್ದ. ತುಂಬಿಕೊಡುವ ಕೂಲಿ ಕೇಳಲಿ, ಬೇಡ ಅನ್ನಲ್ಲ, ಆದರೆ ಸರ್ಕಾರಿ ಫೀ ಅಂತ ಹೇಳಿದರೆ ಎದ್ದು ಬನ್ನಿ.

ಸಣ್ಣವರಿಗೆ ಸುಲಭ ಅಂದರೆ ಕಾಂಪೋಸಿಷನ್ ಸ್ಕೀಮ್, ಕನ್ನಡ ಕಾಗದಗಳಲ್ಲಿ 'ರಾಜಿ ತೆರಿಗೆ' ಅಂತ ಇರುತ್ತದೆ. ಒಂದೂವರೆ ಕೋಟಿವರೆಗಿನ ವ್ಯಾಪಾರಕ್ಕೆ ಸಿಗುತ್ತದೆ. ಅಂಗಡಿಯವರಿಗೆ ತೆರಿಗೆ ಇರುವ ಸಾಮಾನಿನ ಮಾರಾಟದ ಮೇಲೆ 1%, ಹೋಟೆಲಿನವರಿಗೆ 5%. ಮೂರು ತಿಂಗಳಿಗೊಮ್ಮೆ ಹಣ ಕಟ್ಟಿ, ವರ್ಷಕ್ಕೊಂದು ರಿಟರ್ನ್ ಹಾಕಿದರೆ ಆಯಿತು. ಬದಲಿಗೆ ಗಿರಾಕಿಯಿಂದ ಜಿಎಸ್‌ಟಿ ಅಂತ ಬೇರೆ ಹಣ ತೆಗೆದುಕೊಳ್ಳುವಂತಿಲ್ಲ, ಖರೀದಿಯಲ್ಲಿ ಕಟ್ಟಿದ ತೆರಿಗೆ ವಾಪಸ್ ಸಿಗಲ್ಲ, ಬೇರೆ ರಾಜ್ಯಕ್ಕೆ ಮಾರುವಂತಿಲ್ಲ. ಕಾಕಾ ಇದನ್ನೇ ಹಿಡಿದರು. ಕ್ಯೂಆರ್ ಮತ್ತೆ ಬಂತು. ಆ ರಟ್ಟಿನ ಬೋರ್ಡ್ ತಿರುಗಿಸಿ ಹಿಂದುಗಡೆ 'ಉದ್ರಿ ಕೇಳಬ್ಯಾಡ್ರಿ' ಅಂತ ಬರೆದಿದ್ದಾರೆ, ಅದನ್ನು ಯಾರೂ ಓದಲ್ಲ ಬಿಡಿ.

ಇಷ್ಟೆಲ್ಲ ಮಾಡಿದ ಮೇಲೂ ನೋಟಿಸ್ ಬಂದರೆ? ಮೊದಲನೆಯದಾಗಿ, ಅದು ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್) ಆಗಿ ಬಂದಿದ್ದರೆ ನೋಟಿಸ್ ಅಲ್ಲ, ಕಳ್ಳರ ಕೆಲಸ. ಒತ್ತಬೇಡಿ. ಒತ್ತಿ ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ನಿಜವಾದ ನೋಟಿಸ್ ಆದರೆ ಅದರಲ್ಲಿರುವ ಮೊತ್ತ ನೋಡಿ ಎದೆ ಒಡೆದುಕೊಳ್ಳಬೇಡಿ. ಉತ್ತರ ಕೊಡಲು ಯಾವ ತಾರೀಖಿನವರೆಗೆ ಸಮಯ ಇದೆ ಅಂತ ಹುಡುಕಿ, ಆ ತಾರೀಖಿನೊಳಗೆ ಉತ್ತರ ಬರೆಯಿರಿ. ಏನು ಮಾರುತ್ತೀರಿ, ಬಂದ ಹಣದಲ್ಲಿ ವ್ಯಾಪಾರದ್ದೆಷ್ಟು, ಮನೆಯದ್ದೆಷ್ಟು ಅಂತ ಒಂದು ಪುಟ. ಜೊತೆಗೆ ಬಣ್ಣ ಹಚ್ಚಿದ ಸ್ಟೇಟ್‌ಮೆಂಟ್, ಕಿರ್ದಿ ಮತ್ತು ಬಿಲ್ಲುಗಳ ಝೆರಾಕ್ಸ್. ಕನ್ನಡದಲ್ಲೇ ಬರೆಯಿರಿ. ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ.