ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್: ಪಾಟ್ ಬದಲಿಸಲು, ಮರಿ ಮಾಡಲು ನಾನು ಅನುಸರಿಸುವ ಕ್ರಮ

ಪಾಟ್ ಬದಲಿಸಬೇಕು ಅಂದಕೂಡಲೇ ಹೊಸಬರು ಹೆದರುವುದು ಬೇರು ಮುಟ್ಟಲಿಕ್ಕೆ. ಮನಿ ಪ್ಲಾಂಟ್, ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್ ಇವೆಲ್ಲ ಗಟ್ಟಿ ಜೀವ. ಕಾಲುಭಾಗ ಬೇರು ಹರಿದು ಹೋದರೂ ಕೆಲವೇ ವಾರಗಳಲ್ಲಿ ಹೊಸದು ಬಿಡುತ್ತವೆ. ಪಾಟ್ ಬದಲಿಸಿದ ಮೇಲೆ ಸತ್ತ ಗಿಡವನ್ನು ಒಮ್ಮೆ ಕಿತ್ತು ನೋಡಿ. ಬಹುಪಾಲು ಸಲ ಬೇರು ಕಂದುಗಟ್ಟಿರುತ್ತದೆ, ಎರಡು ಬೆರಳಲ್ಲಿ ಹಿಡಿದೆಳೆದರೆ ಮೇಲಿನ ಸಿಪ್ಪೆ ಜಾರಿ ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ, ಮೂಗಿಗೆ ಹಿಡಿದರೆ ಚರಂಡಿ ವಾಸನೆ. ಅದು ಕೊಳೆತ ಬೇರು. ಎಲೆ ಬಾಡಿತೆಂದು ಗಾಬರಿಯಾಗಿ ದಿನಾ ಒಂದು ಚೊಂಬು ನೀರು ಸುರಿದದ್ದರ ಫಲ.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿಕೊಂಡರೆ ಗಾಳಿಗೆ ಜಾಗ ಇರುವುದಿಲ್ಲ. ಬಿತ್ತನೆ ಮಾಡುವವರು ‘ಹದ’ ಅನ್ನುತ್ತಾರಲ್ಲ, ಹಿಡಿಯಲ್ಲಿ ಒತ್ತಿದರೆ ಉಂಡೆಯಾಗಬೇಕು, ಹೆಬ್ಬೆರಳಿನಿಂದ ತಟ್ಟಿದರೆ ಉದುರಬೇಕು. ಪಾಟಿನ ಮಣ್ಣಿಗೂ ಅದೇ ಲೆಕ್ಕ. ಮುಂದಿನದೆಲ್ಲ ಈ ಹದ ಕಾಯುವ ಕೆಲಸ.

ಮೊದಲು ಕಾಲ. ದಾವಣಗೆರೆಯಲ್ಲಿ ಮಾರ್ಚ್‌ನಿಂದ ಮೇವರೆಗೆ ಗಿಡ ಬದಲಿಸುವ ಗೋಜಿಗೆ ಹೋಗಬೇಡಿ. ಮಧ್ಯಾಹ್ನದ ಕಾವು 38 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ಪಸೆ ಇರುವುದಿಲ್ಲ. ಅರ್ಧ ಬೇರು ಕಳೆದುಕೊಂಡ ಗಿಡ ಎಲೆಗೆ ನೀರು ಪೂರೈಸಲಾರದು. ರೋಹಿಣಿ ಮಳೆ ಬಿದ್ದು ಸೆಕೆ ಇಳಿದ ಮೇಲೆ, ಜೂನ್ ಮೊದಲ ವಾರದಿಂದ ಸೆಪ್ಟೆಂಬರ್ ಮುಗಿಯುವವರೆಗೆ ಸರಿಯಾದ ಹೊತ್ತು. ಒಂದೇ ತೊಡಕು ಆಷಾಢದ ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ಗಿರ್ರನೆ ತಿರುಗುವ ದಿನಗಳಲ್ಲಿ, ಮೋಡ ಕವಿದಿದ್ದರೂ ಬೇರು ಬರಿಸಲು ಬಾಲ್ಕನಿಯಲ್ಲಿಟ್ಟ ಗಿಡದ ತುಂಡುಗಳು ಅರ್ಧ ದಿನದಲ್ಲಿ ಸೊರಗುತ್ತವೆ. ಅವನ್ನು ಒಳಗೆ, ಕಿಟಕಿಯ ಬದಿಗೆ ಇಡಿ. ಡಿಸೆಂಬರ್, ಜನವರಿಯಲ್ಲಿ ಗಿಡ ಸಾಯುವುದಿಲ್ಲ, ಆದರೆ ಚಳಿಗೆ ಬೇರು ತೆವಳಿಕೊಂಡು ಬರುತ್ತದೆ.

ಮಣ್ಣಿನ ವಿಷಯದಲ್ಲಿ ನಮ್ಮೂರಿನವರು ಎಡವುವುದು ಎರೆಮಣ್ಣಿನಲ್ಲಿ. ಹೊಲದಲ್ಲಿ ಬಂಗಾರದಂಥ ಮಣ್ಣು, ಪಾಟಿನಲ್ಲಿ ಶತ್ರು. ಅದರ ಜೇಡಿಕಣ ನೀರು ಕುಡಿದು ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹಸಿ ಇದ್ದಾಗ ಅಂಟು, ಗಾಳಿಯಾಡುವುದಿಲ್ಲ. ಒಣಗಿದಾಗ ಪಾಟಿನ ಗೋಡೆಯಿಂದ ಬಿಟ್ಟುಕೊಂಡು ಬಿರುಕಾಗಿ ಎಳೆಬೇರನ್ನು ಹರಿಯುತ್ತದೆ. ಆ ಬಿರುಕಿಗೆ ನೀರು ಹಾಕಿದರೆ ಸಂದಿನಿಂದ ಸೀದಾ ತಟ್ಟೆಗೆ ಇಳಿಯುತ್ತದೆ, ನಡುವಿನ ಮಣ್ಣು ಒಣಗಿಯೇ ಇರುತ್ತದೆ. ಜಗಳೂರು, ಹೊಳಲ್ಕೆರೆ ಕಡೆಯ ಕೆಂಪುಮಣ್ಣು ತಂದು ಜರಡಿ ಹಿಡಿದುಕೊಳ್ಳಿ.

ನನ್ನ ಅಳತೆ 1 ಲೀಟರಿನ ಮಗ್‌ನಲ್ಲಿ. ಮನಿ ಪ್ಲಾಂಟ್, ಸಿಂಗೋನಿಯಂ, ಅಗ್ಲೋನಿಮಾ, ಪೀಸ್ ಲಿಲಿಗೆ ಕೆಂಪುಮಣ್ಣು 2, ತೊಳೆದ ತೆಂಗಿನ ನಾರಿನ ಪುಡಿ 2, ಸುಟ್ಟ ಭತ್ತದ ಹೊಟ್ಟು 1, ಎರೆಹುಳು ಗೊಬ್ಬರ 1, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಸ್ನೇಕ್ ಪ್ಲಾಂಟ್, ಜೇಡ್, ಜೀಜೀಗೆ (ZZ ಪ್ಲಾಂಟ್) ಕೆಂಪುಮಣ್ಣು 1, ದಪ್ಪ ಮರಳು 1, ಸುಟ್ಟ ಹೊಟ್ಟು 1, ನಾರಿನ ಪುಡಿ ಅರ್ಧ, ಎರೆಹುಳು ಗೊಬ್ಬರ ಅರ್ಧ. ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಆದರೆ ಹಿಟ್ಟಿನಂಥ ಪುಡಿಯನ್ನು ಜರಡಿಯಲ್ಲಿ ಹೊರಹಾಕಿ, ಜರಡಿಯ ಮೇಲೆ ನಿಂತ ಕಾಳು ಮಾತ್ರ ಬಳಸಿ. ಆ ಪುಡಿ ಬೆರೆತರೆ ಮಣ್ಣು ಗಾರೆಯಾಗುತ್ತದೆ.

ಸುಟ್ಟ ಹೊಟ್ಟಿಗೆ ದಾವಣಗೆರೆಯಲ್ಲಿ ಬರವಿಲ್ಲ, ಮಂಡಕ್ಕಿ ಭಟ್ಟಿ, ಅಕ್ಕಿ ಗಿರಣಿಯವರು ಉರಿಸುವುದೇ ಅದನ್ನು. ಆದರೆ ಆರಿಸಿ ತರಬೇಕು. ನಮಗೆ ಬೇಕಾದ್ದು ಕಪ್ಪಗೆ ಸುಟ್ಟು ಹೊಟ್ಟಿನ ಆಕಾರ ಉಳಿಸಿಕೊಂಡದ್ದು, ಕೈಯಲ್ಲಿ ಉಜ್ಜಿದರೆ ಗರಗರ ಅನ್ನಬೇಕು. ಪೂರ್ತಿ ಉರಿದು ಬೆಳ್ಳಗಾದ ಬೂದಿ ಬೇಡ, ಅದು ಕ್ಷಾರ. ಮೊದಲೇ ಗಡುಸಾದ ಬೋರ್ ನೀರಿನ ಜೊತೆ ಸೇರಿದರೆ ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿಯುತ್ತದೆ. ಹೊಟ್ಟಿನ ಜೊತೆ ಬೇರೇನಾದರೂ ಉರಿಸಿದ್ದರೆ ಅದನ್ನೂ ಬಿಡಿ. ಕಪ್ಪು ಹೊಟ್ಟನ್ನು ಕೂಡ ಒಂದು ರಾತ್ರಿ ನೆನೆಹಾಕಿ ನೀರು ಚೆಲ್ಲಿ ಬಳಸಬೇಕು. ಸುಡದ ಹಸಿ ಹೊಟ್ಟು ಹಾಕಿದರೆ ಅದರಲ್ಲಿ ಉಳಿದ ಭತ್ತದ ಕಾಳು ಮೊಳೆತು ಪಾಟಿನಲ್ಲಿ ಸಸಿಮಡಿ ಎದ್ದೀತು!

ನಾರಿನ ಪುಡಿಯ 650 ಗ್ರಾಂ ಇಟ್ಟಿಗೆ 4 ಲೀಟರ್ ನೀರಲ್ಲಿ ನೆನೆದರೆ ಸುಮಾರು 8 ಲೀಟರ್‌ನಷ್ಟು ಪುಡಿಯಾಗುತ್ತದೆ. ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಹಿಂಡಿ ಚೆಲ್ಲಿ, ಮತ್ತೆರಡು ಸಲ ತೊಳೆಯಿರಿ. ಅದರಲ್ಲಿರುವ ಉಪ್ಪಿನಂಶ ಹೋಗಲೇಬೇಕು, ಇಲ್ಲದಿದ್ದರೆ ಎಲೆಯ ತುದಿ ಸುಡುತ್ತದೆ.

ಪಾಟ್ ಹಳೆಯದಕ್ಕಿಂತ 1ರಿಂದ 2 ಇಂಚು ಮಾತ್ರ ಅಗಲ ಇರಲಿ. 5 ಇಂಚಿನದರಲ್ಲಿದ್ದ ಗಿಡಕ್ಕೆ 6 ಅಥವಾ 7. ‘ಹೇಗೂ ಬೆಳೆಯುತ್ತದಲ್ಲ’ ಎಂದು 12 ಇಂಚಿನದಕ್ಕೆ ಇಳಿಸಿದರೆ ಬೇರು ಮುಟ್ಟದ ಮಣ್ಣೆಲ್ಲ ವಾರಗಟ್ಟಲೆ ಹಸಿಯಾಗಿ ಕೂತು ಕೊಳೆ ಹುಟ್ಟಿಸುತ್ತದೆ. ಸ್ನೇಕ್ ಪ್ಲಾಂಟಿಗೆ ಮಣ್ಣಿನ ಕುಂಡ, ಮನಿ ಪ್ಲಾಂಟ್, ಪೀಸ್ ಲಿಲಿಗೆ ಪ್ಲಾಸ್ಟಿಕ್ ನನ್ನ ಆಯ್ಕೆ, ಏಕೆಂದರೆ ನಮ್ಮ ಒಣಹವೆಗೆ ಮಣ್ಣಿನ ಕುಂಡ ಬೇಗ ಆರುತ್ತದೆ. ತಳದ ತೂತಿನ ಮೇಲೆ ಒಂದು ಹಂಚಿನ ಚೂರು ಬೋರಲು ಸಾಕು. ತಳಕ್ಕೆ ಎರಡು ಇಂಚು ಜಲ್ಲಿ ತುಂಬುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಸಣ್ಣ ಕಣದ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ಕೆಳಗಿನ ಜಲ್ಲಿಗೆ ಇಳಿಯುವುದೇ ಇಲ್ಲ. ಹಾಗಾಗಿ ಹಸಿ ಪದರ ಎರಡು ಇಂಚು ಮೇಲಕ್ಕೆ, ಬೇರಿನ ಹತ್ತಿರಕ್ಕೆ ಬಂದು ಕೂರುತ್ತದೆ, ಅಷ್ಟೆ.

ಈಗ ಗಿಡ ತೆಗೆಯುವುದು. ಹಿಂದಿನ ದಿನ ಸಂಜೆ ನೀರು ಹಾಕಿಡಿ, ಮಣ್ಣು ಹದಕ್ಕೆ ಬಂದಿರುತ್ತದೆ. ಪ್ಲಾಸ್ಟಿಕ್ ಪಾಟಾದರೆ ಸುತ್ತಲೂ ಹಿಸುಕಿ, ಕಾಂಡದ ಬುಡ ಬೆರಳ ಸಂದಿನಲ್ಲಿ ಬರುವಂತೆ ಅಂಗೈ ಮುಚ್ಚಿ, ಬೋರಲು ಹಾಕಿ ತಳಕ್ಕೆ ತಟ್ಟಿ. ಕಾಂಡ ಹಿಡಿದು ಎಳೆಯಬೇಡಿ. ನರ್ಸರಿಯ ಕರಿ ಕವರನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ. ಆಂಧ್ರದ ಕಡಿಯಂ ಕಡೆಯಿಂದ ಬರುವ ಗಿಡಗಳಲ್ಲಿ ಒಳಗೊಂದು ಜೇಡಿಮಣ್ಣಿನ ಉಂಡೆ ಇರುತ್ತದೆ, ಒಣಗಿದ್ದರೆ ಕಲ್ಲು. ಅದನ್ನು ಹಾಗೇ ಹೊಸ ಮಣ್ಣಿನಲ್ಲಿ ಹೂತರೆ ಸುತ್ತಲಿನ ಸಡಿಲ ಮಣ್ಣಿನ ದಾರಿಯಲ್ಲೇ ನೀರು ಇಳಿದುಹೋಗಿ ಉಂಡೆ ಒಣಗಿಯೇ ಉಳಿಯುತ್ತದೆ, ಅಥವಾ ಒಮ್ಮೆ ನೆನೆದರೆ ವಾರವಾದರೂ ಆರುವುದಿಲ್ಲ. ಉಂಡೆಯನ್ನು ಬಕೆಟ್ ನೀರಿನಲ್ಲಿ 20 ನಿಮಿಷ ಮುಳುಗಿಸಿಡಿ. ಅಂಚಿನಿಂದ ಬೆರಳಾಡಿಸಿದರೆ ಮಣ್ಣು ಕೆಸರಾಗಿ ಕಳಚುತ್ತದೆ. ಹೊರಗಿನ ಅರ್ಧದಷ್ಟು ಹೋದರೆ ಸಾಕು, ನಡುವಿನದು ಬಿಡಿ. ಬೆಳ್ಳಗೆ ಅಥವಾ ತಿಳಿ ಕಂದಾಗಿ ಬಿಗಿಯಾಗಿರುವುದು ಜೀವಂತ ಬೇರು. ಮೆತ್ತಗಾದದ್ದನ್ನು ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಪಾಟಿನ ಆಕಾರಕ್ಕೇ ಸುತ್ತಿಕೊಂಡ ಬೇರಿದ್ದರೆ ತಳದಲ್ಲಿ ಮೂರು ನಾಲ್ಕು ಕಡೆ ಬಿಡಿಸಿ, ಬಿಡದಿದ್ದರೆ ಒಂದು ಇಂಚು ಆಳಕ್ಕೆ ಸೀಳಿ. ಕತ್ತರಿಯ ಬಾಯಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ಒಂದು ಗಿಡ ಮುಗಿದು ಇನ್ನೊಂದಕ್ಕೆ ಹೋಗುವಾಗ ಮತ್ತೆ ಒರೆಸಿ.

ಹೊಸ ಪಾಟಿನಲ್ಲಿ ಗಿಡ ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳ. ಮೇಲೆ ಒಂದು ಇಂಚು ಖಾಲಿ ಬಿಡಿ, ನೀರು ನಿಲ್ಲಲಿಕ್ಕೆ. ಮಣ್ಣನ್ನು ಅದುಮಬೇಡಿ, ಪಾಟನ್ನು ನೆಲಕ್ಕೆ ಎರಡು ಸಲ ಕುಟ್ಟಿದರೆ ತಾನೇ ಕೂರುತ್ತದೆ. ತಳದಿಂದ ಹರಿದುಬರುವವರೆಗೆ ಒಮ್ಮೆ ನೀರು ಹಾಕಿ, ತಟ್ಟೆಯ ನೀರು ಚೆಲ್ಲಿ. ನೀರು ಮೇಲೆಯೇ ಐದು ನಿಮಿಷ ನಿಂತರೆ ಮಿಶ್ರಣ ಸರಿಯಿಲ್ಲ, ಆಗಲೇ ತೆಗೆದು ಇನ್ನಷ್ಟು ಸುಟ್ಟ ಹೊಟ್ಟು ಬೆರೆಸುವುದು ಮೇಲು.

ಮುಂದಿನ ಮೂರು ನಾಲ್ಕು ದಿನ ಎಲೆ ಜೋತು ಬೀಳುತ್ತದೆ. ಬೇರಿನ ತುದಿಯ ಸಣ್ಣ ರೋಮಗಳು ಹರಿದಿರುತ್ತವೆ, ನೀರು ಹೀರುವುದು ಅವೇ. ಮಣ್ಣು ಹಸಿ ಇದ್ದೂ ಎಲೆ ಬಾಡಿದ್ದರೆ ನೀರು ಪರಿಹಾರವಲ್ಲ, ನೆರಳೇ ಪರಿಹಾರ. 10 ದಿನ ಬಿಸಿಲು ತಾಗದ ಬೆಳಕಿನ ಜಾಗದಲ್ಲಿಡಿ. ನೀರಿನ ಪರೀಕ್ಷೆಗೆ ಉರಿದು ಮುಗಿದ ಊದಿನಕಡ್ಡಿಯ ಬಿದಿರು ತುಂಡು ಸಾಕು. ಪಾಟಿನ ಅರ್ಧ ಆಳಕ್ಕೆ ಚುಚ್ಚಿ ಐದು ನಿಮಿಷ ಬಿಟ್ಟು ತೆಗೆಯಿರಿ. ಮಣ್ಣು ಮೆತ್ತಿಕೊಂಡು ಬಂದರೆ ಇವತ್ತು ನೀರು ಬೇಡ. ಗೊಬ್ಬರದ ಮಾತು ಒಂದೂವರೆ ತಿಂಗಳ ನಂತರ.

ತುಂಡಿನಿಂದ ಗಿಡ ಮಾಡುವುದಕ್ಕೆ ಮನಿ ಪ್ಲಾಂಟಿನಿಂದಲೇ ಕೈ ಪಳಗಿಸಿ. ಬಳ್ಳಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ: ಎಲೆಯ ತೊಟ್ಟು ಕಾಂಡಕ್ಕೆ ಕೂಡುವಲ್ಲಿ ಕಬ್ಬಿನ ಗೆಣ್ಣಿನಂತೆ ಒಂದು ಗೆರೆ, ಅದರ ಪಕ್ಕ ಕಂದು ಬಣ್ಣದ ಮೊಂಡು ಮುಳ್ಳಿನಂಥದ್ದು. ಆ ಮುಳ್ಳೇ ಬೇರಾಗುವುದು, ಚಿಗುರುವ ಕಣ್ಣು ಅದೇ ಗೆಣ್ಣಿನಲ್ಲಿ ಇರುತ್ತದೆ. ಗೆಣ್ಣಿನ 1 ಸೆಂಟಿಮೀಟರ್ ಕೆಳಗೆ ಕತ್ತರಿಸಿ. ತುಂಡಿಗೆ ಎರಡು ಗೆಣ್ಣು, ಒಂದೆರಡು ಎಲೆ. ಗೆಣ್ಣಿಲ್ಲದ ಬರೀ ಎಲೆ, ತೊಟ್ಟು ನೀರಿಗಿಟ್ಟರೆ ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಒಮ್ಮೊಮ್ಮೆ ಬೇರೂ ಬಿಡುತ್ತದೆ, ಬಳ್ಳಿ ಮಾತ್ರ ಹುಟ್ಟುವುದಿಲ್ಲ. ಎಷ್ಟೋ ಜನ ಕಾಯುತ್ತ ಕೂರುವುದು ಇಂಥ ಎಲೆಯ ಮುಂದೆಯೇ.

ನೀರಿನಲ್ಲಿಡುವುದಾದರೆ ಕೆಳಗಿನ ಗೆಣ್ಣು ಮುಳುಗಲಿ, ಎಲೆ ಮುಳುಗಬಾರದು. ಗಾಜಿನ ಬಾಟಲಿಗೆ ಪೇಪರ್ ಸುತ್ತಿ, ಪಾಚಿ ಕಟ್ಟುವುದಿಲ್ಲ. ನೀರು ಮೂರು ದಿನಕ್ಕೊಮ್ಮೆ ಬದಲಿಸಿ. ಕಾವೇರಿದ ನೀರಿನಲ್ಲಿ ಆಮ್ಲಜನಕ ಕಡಿಮೆ, ಆದ್ದರಿಂದ ಬೇಸಿಗೆಯಲ್ಲಿ ದಿನ ಬಿಟ್ಟು ದಿನ. ಎರಡು ವಾರದ ಸುಮಾರಿಗೆ ಬಿಳಿ ಬೇರು ಕಾಣುತ್ತದೆ. 5 ಸೆಂಟಿಮೀಟರ್ ಆದ ಕೂಡಲೇ ಮಣ್ಣಿಗೆ ಇಳಿಸಿ. ಚೆಂದ ಕಾಣುತ್ತದೆ ಅಂತ ಗೇಣುದ್ದ ಬೆಳೆಯಲು ಬಿಟ್ಟರೆ ನೀರಿಗೆ ಒಗ್ಗಿದ ಆ ಬೇರು ಮಣ್ಣಿನಲ್ಲಿ ತಡವರಿಸುತ್ತದೆ. ಒಂದೇ ಪಾಟಿಗೆ ಐದಾರು ತುಂಡು ನೆಟ್ಟರೆ ಪೊದೆ ಬರುತ್ತದೆ, ಒಂದನ್ನೇ ನೆಟ್ಟರೆ ಒಂಟಿ ದಾರ.

ನೇರ ಮಣ್ಣಿಗೆ ಊರುವುದಾದರೆ ನಾರಿನ ಪುಡಿ ಮತ್ತು ಸುಟ್ಟ ಹೊಟ್ಟು ಸಮಸಮ, ಗೊಬ್ಬರ ಬೇಡವೇ ಬೇಡ. ಹಸಿ ಗಾಯಕ್ಕೆ ಗೊಬ್ಬರ ತಾಗಿದರೆ ಕೊಳೆ ಹಿಡಿಯುತ್ತದೆ. ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲೆ ಕವುಚಿ, ದಿನಕ್ಕೊಂದು ಗಂಟೆ ಮುಚ್ಚಳ ತೆರೆದಿಡಿ. ಅರಿಶಿನ ಹಚ್ಚಿದರೆ ಬೇರು ಬೇಗ ಬರುತ್ತದೆ ಎಂಬುದನ್ನು ನಾನು ಲೆಕ್ಕಕ್ಕೆ ಇಟ್ಟುಕೊಂಡಿಲ್ಲ. ಬೇರು ಬರಿಸುವ ಪುಡಿಯೂ ಮನಿ ಪ್ಲಾಂಟಿಗೆ ದಂಡ, ರಬ್ಬರ್ ಗಿಡದಂಥ ಗಟ್ಟಿ ಕಡ್ಡಿಗಾದರೆ ಉಪಯೋಗಕ್ಕೆ ಬರುತ್ತದೆ.

ಸ್ನೇಕ್ ಪ್ಲಾಂಟಿನ ಎಲೆಯನ್ನು 8–10 ಸೆಂಟಿಮೀಟರ್ ತುಂಡು ಮಾಡಬಹುದು, ಆದರೆ ಮೇಲು ಕೆಳಗು ಅದಲುಬದಲಾಗಬಾರದು. ತಲೆಕೆಳಗೆ ಊರಿದ ತುಂಡು ಬೇರು ಬಿಡದು. ಕತ್ತರಿಸುವ ಮೊದಲೇ ಪ್ರತಿ ತುಂಡಿಗೂ ಪೆನ್ನಿನಲ್ಲಿ ಕೆಳಮುಖದ ಬಾಣ ಗುರುತು ಹಾಕಿ. ಗಾಯ ಒಣಗಿ ಚಕ್ಕೆಗಟ್ಟಲು ಮೂರು ದಿನ ನೆರಳಲ್ಲಿಡಿ, ಬಳಿಕ 3 ಸೆಂಟಿಮೀಟರ್ ಆಳಕ್ಕೆ ಊರಿ, ಹತ್ತು ದಿನಕ್ಕೊಮ್ಮೆ ಸ್ವಲ್ಪ ನೀರು. ಬೇರಿಗೆ ತಿಂಗಳ ಮೇಲೆ ಹಿಡಿಯುತ್ತದೆ, ಮರಿಗೆ ಮೂರು ನಾಲ್ಕು ತಿಂಗಳು. ಇನ್ನೊಂದು ಮಾತು: ಹಳದಿ ಅಂಚಿನ ಜಾತಿಯ ಎಲೆ ತುಂಡಿನಿಂದ ಹುಟ್ಟುವ ಮರಿಗೆ ಹಳದಿ ಅಂಚು ಬರುವುದಿಲ್ಲ, ಬರೀ ಹಸಿರು. ಅಂಚು ಬೇಕೆಂದರೆ ಗಡ್ಡೆ ಒಡೆಯಬೇಕು. ಮರಿ ತಾಯಿಯ ಮೂರನೇ ಒಂದು ಭಾಗ ಎತ್ತರವಾದ ಮೇಲೆ, ತನ್ನದೇ ಬೇರಿರುವಂತೆ ಚಾಕುವಿನಲ್ಲಿ ಬೇರ್ಪಡಿಸಿ, ಒಂದು ದಿನ ಒಣಗಿಸಿ ನೆಡಿ.

ಸ್ಪೈಡರ್ ಪ್ಲಾಂಟ್ ನೇತಾಡುವ ಮರಿಯನ್ನು ಕೊಟ್ಟೇ ಬಿಡುತ್ತದೆ, ಪಕ್ಕದ ಪಾಟಿನ ಮಣ್ಣಿಗೆ ತಾಗಿಸಿಟ್ಟು ಬೇರು ಹಿಡಿದ ಮೇಲೆ ಬಳ್ಳಿ ಕತ್ತರಿಸಿದರಾಯಿತು. ಇದರ ತೊಂದರೆ ನೀರಿನದು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹೆಚ್ಚು. ಈ ಗಿಡ, ಜೊತೆಗೆ ಡ್ರಸೀನಾ ಜಾತಿಯವು ಅದನ್ನು ಎಲೆಯ ತುದಿಯಲ್ಲಿ ಕೂಡಿಹಾಕಿಕೊಂಡು ಕಂದಾಗುತ್ತವೆ. ಮಳೆನೀರು ಹಿಡಿದಿಟ್ಟರೆ ಒಳ್ಳೆಯದು. ಮನೆಯ ಆರ್‌ಓ ಯಂತ್ರ ಹೊರಹಾಕುವ ನೀರು ವ್ಯರ್ಥವಾಗಬಾರದು ಅಂತ ಪಾಟಿಗೆ ಸುರಿಯಬೇಡಿ, ಉಪ್ಪೆಲ್ಲ ಅದರಲ್ಲೇ ಮಂದವಾಗಿರುತ್ತದೆ, ಅದು ನೆಲ ಒರೆಸಲಿಕ್ಕೆ. ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟಿದ್ದರೆ, ಪಾಟಿನ ಎರಡರಷ್ಟು ಒಳ್ಳೆಯ ನೀರು ನಿಧಾನಕ್ಕೆ ಹಾಯಿಸಿ ತೊಳೆಯಿರಿ.

ಮನಿ ಪ್ಲಾಂಟ್, ಡಿಫನ್‌ಬೇಕಿಯಾ ಕತ್ತರಿಸುವಾಗ ಕೈಗವಸು ಇರಲಿ. ಅವುಗಳ ರಸದಲ್ಲಿ ಸೂಜಿಯಂಥ ಹರಳುಗಳಿವೆ, ಕೆಸುವಿನ ಎಲೆ ಬಾಯಿ ತುರಿಸುವುದೂ ಅದಕ್ಕೇ. ಕಣ್ಣು ಮುಟ್ಟಿಕೊಳ್ಳಬೇಡಿ, ಕತ್ತರಿಸಿದ ಚೂರುಗಳನ್ನು ಮಕ್ಕಳ ಕೈಗೆ ಸಿಗುವಂತೆ ಬಿಡಬೇಡಿ.

ಜೀಜೀ ಗಿಡದ ಒಂದೊಂದು ಎಲೆಯಿಂದಲೂ ಗಿಡವಾಗುತ್ತದೆ. ಊರಿದ ಎಲೆಯ ಬುಡದಲ್ಲಿ ಮೊದಲು ಕಡಲೆಕಾಳಿನಷ್ಟು ಗಡ್ಡೆ ಕಟ್ಟುತ್ತದೆ, ಚಿಗುರು ಮೇಲೆ ಬರಲು ಅನೇಕ ತಿಂಗಳು ಬೇಕು. ಅಷ್ಟರಲ್ಲಿ ಎಲೆ ಹಳದಿಯಾಗಿ ಒಣಗಿದರೂ ಪಾಟನ್ನು ಬರಿದು ಮಾಡಬೇಡಿ, ಗಡ್ಡೆ ಒಳಗೆ ಬದುಕಿರಬಹುದು. ಬೆರಳಲ್ಲಿ ಮೆಲ್ಲಗೆ ಕೆದಕಿ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ ಮಣ್ಣು ಮುಚ್ಚಿ ಹಾಗೇ ಬಿಡಿ, ಹಿಸುಕಿದಾಗ ನೀರು ಬಂದರೆ ಎಸೆಯಿರಿ.