ಗುಡ್ಡೆ ಕಡಿಯುವ ಮೊದಲು ಜಾಗದ ಮಣ್ಣು, ನೀರು ಅರಿಯುವ ಬಗೆ

ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬಿದ್ದು ಮುಗಿಯುತ್ತದೆ. ಇಷ್ಟು ಮಳೆ ಬಂದರೂ ಏಪ್ರಿಲ್ ಹೊತ್ತಿಗೆ ಎಷ್ಟೋ ಬಾವಿಗಳ ತಳ ಕಾಣುತ್ತದೆ. ಬಿದ್ದ ನೀರನ್ನು ಹಿಡಿದಿಡಬೇಕಾದ ನೆಲವನ್ನು ನಾವು ಬದಲಿಸುವ ರೀತಿಗೂ ಇದಕ್ಕೂ ನೇರ ಸಂಬಂಧವಿದೆ. ಆದ್ದರಿಂದ ಮನೆಗಾಗಲಿ ತೋಟಕ್ಕಾಗಲಿ ಜಾಗ ಸಮತಟ್ಟು ಮಾಡಹೊರಟವರು ಒಂದು ಮಳೆಗಾಲವಾದರೂ ಆ ಜಾಗದಲ್ಲಿ ಕೊಡೆ ಹಿಡಿದು ಓಡಾಡಿ, ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ಹೊರಬೀಳುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು.

ನಿಮ್ಮ ಜಾಗ ಗುಡ್ಡೆಯೋ, ಬೆಟ್ಟೋ, ಮಜಲೋ, ಬೈಲೋ ಎಂಬುದನ್ನು ಮೊದಲು ತಿಳಿಯಿರಿ. ಮಳೆಯನ್ನೇ ನಂಬಿ ಒಂದು ಬೆಳೆ ತೆಗೆಯುವ ಎತ್ತರದ ಗದ್ದೆ ಬೆಟ್ಟು, ಸದಾ ತೇವವಿರುವ ತಗ್ಗಿನ ಗದ್ದೆ ಬೈಲು, ನಡುವಿನದು ಮಜಲು. ಹಿರಿಯರು ನೀರನ್ನು ನೋಡಿಯೇ ಇಟ್ಟ ಹೆಸರುಗಳಿವು. ಗುಡ್ಡೆಯ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ತೂತುತೂತಾಗಿರುವುದರಿಂದ ಮಳೆನೀರು ಬೇಗ ಒಳಗಿಳಿಯುತ್ತದೆ. ಅದರ ಅಡಿಯ ಶೇಡಿ ಮಣ್ಣು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡದ ಕಾರಣ, ಅದು ಪಕ್ಕಕ್ಕೆ ಹರಿದು ಗುಡ್ಡೆಯ ಬುಡದಲ್ಲಿ ಒರತೆಯಾಗಿ ಬೈಲಿನ ಬಾವಿಗಳನ್ನು ತುಂಬಿಸುತ್ತದೆ.

ಶೇಡಿಯನ್ನು ಕೈಯಲ್ಲೇ ಗುರುತಿಸಬಹುದು. ಬಿಳಿ, ಹಳದಿ ಅಥವಾ ನಸುಗೆಂಪು ಬಣ್ಣದ ಈ ಮಣ್ಣು ಒಣಗಿದ್ದಾಗ ಬೆರಳ ನಡುವೆ ಹಿಟ್ಟಿನಂತೆ ಪುಡಿಯಾಗುತ್ತದೆ, ನೀರು ತಾಗಿದರೆ ಸಾಬೂನಿನಂತೆ ಜಾರುತ್ತದೆ. ಮೇಲಿನ ಮುರಕಲ್ಲು ಅದಕ್ಕೆ ಮುಚ್ಚಳವಿದ್ದಂತೆ. ನಮ್ಮ ಮನೆಯ ಮೇಲ್ಬದಿಯ ಗುಡ್ಡೆಯನ್ನು ಸೈಟುಗಳಿಗಾಗಿ ನೆಟ್ಟಗೆ ಕಡಿದ ವರ್ಷ, ಜೂನ್‌ನ ಮೊದಲ ಜೋರು ಮಳೆಗೆ ತೋಡಿನ (ಸಣ್ಣ ಹಳ್ಳದ) ನೀರು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತು. ಮಳೆ ಬಿಟ್ಟ ಮೇಲೆ ನೋಡಿದರೆ ನೇಜಿ ಮಡಿಯ, ಅಂದರೆ ಭತ್ತದ ಸಸಿಗಳ ಪಾತಿಯ, ಮೇಲೆ ನಾಲ್ಕು ಬೆರಳು ದಪ್ಪ ಶೇಡಿ ಕೂತಿತ್ತು, ತುದಿಗಳು ಮಾತ್ರ ಹೊರಗೆ ಕಾಣುತ್ತಿದ್ದವು. ಕಡಿಯಲೇಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿಯಿರಿ, ಕೆಲಸವನ್ನು ಮಳೆಗಾಲ ಮುಗಿದ ಮೇಲೆ ಆರಂಭಿಸಿ ಮೇ ಮೊದಲೇ ಮುಗಿಸಿ, ಮೇಲ್ಪದರದ ಕಪ್ಪು ಮಣ್ಣನ್ನು ಬೇರೆಯಾಗಿ ರಾಶಿ ಹಾಕಿಸಿ, ಕೊನೆಗೆ ಅದನ್ನೇ ಹರಡಿ ಹುಲ್ಲು ಹಿಡಿಸಿ.

ಕಡಿದ ಆ ಮಣ್ಣನ್ನು ಬೈಲಿಗೆ ತುಂಬಿಸುವುದು ಇನ್ನೂ ದೊಡ್ಡ ನಷ್ಟ. ಒಂದು ಎಕರೆ ಗದ್ದೆಯಲ್ಲಿ ಬದುಗಳ ನಡುವೆ 10 ಸೆಂಟಿಮೀಟರ್ ನೀರು ನಿಂತರೆ ಅದು ಸುಮಾರು 4 ಲಕ್ಷ ಲೀಟರ್, ಮಳೆಗಾಲವಿಡೀ ಮತ್ತೆ ಮತ್ತೆ ತುಂಬುವಂಥದ್ದು. ಗದ್ದೆ ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದರೂ ಬದು ಒಡೆಯದಂತೆ ನೋಡಿಕೊಂಡರೆ ಈ ನೀರಿನ ಒಂದು ಪಾಲಾದರೂ ನೆಲಕ್ಕಿಳಿಯುತ್ತದೆ. ಭೂಪರಿವರ್ತನೆಯ ಆದೇಶ ಕೈಯಲ್ಲಿದ್ದರೂ ನೆರೆಯವರ ಬಾವಿಗೆ ಹೋಗುವ ನೀರಿನ ದಾರಿ ಆ ಕಾಗದದಲ್ಲಿ ಬರೆದಿರುವುದಿಲ್ಲ, ಅದನ್ನು ನೀವೇ ಕೇಳಿ ತಿಳಿಯಬೇಕು.

ಇಂಗುಗುಂಡಿ ತೆಗೆಯುವ ಮುನ್ನ ಒಂದು ಅಡಿ ಉದ್ದ, ಅಗಲ, ಆಳದ ಗುಂಡಿ ತೋಡಿ, ಸಂಜೆ ಎರಡು ಸಲ ನೀರು ತುಂಬಿಸಿ. ಬೆಳಿಗ್ಗೆಯೂ ನೀರು ಹಾಗೆಯೇ ನಿಂತಿದ್ದರೆ ಆ ಸ್ಥಳ ಬೇಡ. ಶೇಡಿ ಇರುವ ಕಡಿದಾದ ಇಳಿಜಾರಿನ ಮೇಲ್ಭಾಗದಲ್ಲಂತೂ ಗುಂಡಿ ತೆಗೆಯಲೇಬಾರದು, ಇಂಗಿದ ನೀರಿನ ಭಾರಕ್ಕೆ ಇಳಿಜಾರಿನ ಮಣ್ಣೇ ಜಾರಿ ಬರಬಹುದು. ಅಂಥಲ್ಲಿ ಮನೆಯ ಮಾಡಿನ (ಚಾವಣಿಯ) ನೀರನ್ನು ಪೈಪಿನಲ್ಲಿ ಕೆಳಗಿಳಿಸಿ, ಮರಳು, ಜಲ್ಲಿಯಲ್ಲಿ ಸೋಸಿ ಬಾವಿಗೆ ಬಿಡುವುದು ಕ್ಷೇಮ. ಸಾವಿರ ಚದರಡಿ ಮಾಡಿನಿಂದ, ಐದರಲ್ಲೊಂದು ಪಾಲು ಪೋಲಾದರೂ, ಮಳೆಗಾಲಕ್ಕೆ 2 ಲಕ್ಷ ಲೀಟರಿಗೂ ಹೆಚ್ಚು ನೀರು ಸಿಗುತ್ತದೆ.

ತೋಟ ಮಾಡುವವರು ಇಳಿಜಾರಿಗೆ ಅಡ್ಡಲಾಗಿ ಸಾಲು ಹಿಡಿಯಲಿ, ಬುಡಕ್ಕೆ ಸೊಪ್ಪು, ತರಗೆಲೆ ಹೊದಿಸಲಿ. ತೋಡು ಇದ್ದವರು ನವೆಂಬರ್, ಡಿಸೆಂಬರ್ ಹೊತ್ತಿಗೆ ನೆರೆಕರೆಯವರೊಂದಿಗೆ ಸೇರಿ ಅದಕ್ಕೆ ಅಡ್ಡಲಾಗಿ ಕಟ್ಟ (ತಾತ್ಕಾಲಿಕ ಒಡ್ಡು) ಕಟ್ಟಿದರೆ ಇಕ್ಕೆಲದ ಬಾವಿಗಳಿಗೆ ಅನುಕೂಲ.

ಇಷ್ಟರ ಜೊತೆಗೆ ಬಾವಿಯ ಲೆಕ್ಕ ಇಡಿ. ಪ್ರತಿ ತಿಂಗಳ ಒಂದನೇ ತಾರೀಕು, ಬೆಳಿಗ್ಗೆ ಪಂಪು ಹಾಕುವ ಮೊದಲು, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಸಿ, ಬಾವಿಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಎಂದು ಬರೆದಿಡಿ. ಕೆಲಸಕ್ಕೆ ಕೈಹಾಕುವ ಒಂದು ವರ್ಷ ಮೊದಲೇ ಇದನ್ನು ಆರಂಭಿಸಬೇಕು, ಇಲ್ಲವಾದರೆ ಮುಂದಿನ ಮೇ ತಿಂಗಳಲ್ಲಿ ನೀರು ಇಳಿದಾಗ ಹೋಲಿಸಿ ನೋಡಲು ಹಿಂದಿನ ಅಳತೆಯೇ ಇರುವುದಿಲ್ಲ.